ಸೆಕ್ರೆಟರಿ ಮನೆಯ ಹಸು

ಡೇರಿಯ ಸೆಕ್ರೆಟರಿ ಪುಟ್ಟಮಾದಯ್ಯನವರಿಗೆ ಹಾಲಿನ ಶುದ್ಧತೆ ಅಳೆಯುವ ಗಾಜಿನ ಕಡ್ಡಿಯೆಂದರೆ ದೇವರಿಗಿಂತ ಹೆಚ್ಚು. ಸಾಕಮ್ಮ ಆಗಷ್ಟೇ ಕರೆದು ತಂದ ಬಿಸಿ ಹಾಲಿನಲ್ಲಿ ಅದು ಗುರುತು ದಾಟಿ ಮುಳುಗಿತು.

“ನೀರು ಬೆರೆಸಿದ್ದೀಯ. ನಾಳೆಯಿಂದ ನಿನ್ನ ಹಾಲು ಬೇಡ!”

ಸಾಕಮ್ಮನ ಸಂಸಾರ ನಡೆಯುತ್ತಿದ್ದುದೇ ಆ ಹಾಲಿನಿಂದ. ಆದರೂ ವಿನಯವಾಗಿ ಕೈಮುಗಿದಳು. “ಆಗ್ಲಿ ಸ್ವಾಮಿ. ಶುದ್ಧ ಹಾಲು ಹೆಂಗಿರ್ತದೆ ಅಂತ ನಿಮ್ಮ ಹಸುವಿಂದೇ ತೋರಿಸ್ಬಿಡಿ, ಕಲ್ತ್ಕೋತೀನಿ.”

ಸೆಕ್ರೆಟರಿ ಎದೆಯುಬ್ಬಿಸಿ ಹಸು ತರಿಸಿ, ಹಾಲು ಹಾಕಲು ಬಂದಿದ್ದವರೆಲ್ಲರ ಎದುರೇ ಕರೆಸಿದರು. ನೊರೆಹಾಲಿಗೆ ಕಡ್ಡಿ ಬಿಟ್ಟರೆ ಅದು ಇನ್ನೂ ಕೆಳಗಿಳಿಯಿತು.

“ಅಯ್ಯೋ, ನಿಮ್ಮ ಹಸು ಕೆಚ್ಚಲೊಳಗೇ ನೀರು ಬೆರೆಸ್ತದಲ್ಲ ಸ್ವಾಮಿ!”

ಸೆಕ್ರೆಟರಿ ಬೆವರಿದರು. “ಬಿಸಿ ಹಾಲು ಹಗುರ ಕಣಮ್ಮ, ಕಡ್ಡಿ ಮುಳುಗೇ ಮುಳುಗ್ತದೆ! ಮೊದಲು ಆರ್ಬೇಕು!”

“ಹೌದಾ? ಹಂಗಾದ್ರೆ ನನ್ನದೂ ಆರ್ಲಿ,” ಎಂದು ಸಾಕಮ್ಮ ಸೆಕ್ರೆಟರಿಯ ಕುರ್ಚಿಯಲ್ಲೇ ಕೂತು ಕಾದಳು.