ಕೃತಘ್ನ ಎಂಬ ಪದದ ಓಲೆ

ನದಿಯ ದಡದ ಆಶ್ರಮದಲ್ಲಿ ಒಬ್ಬ ಗುರುಗಳು ನಿಘಂಟು ಬರೆಯುತ್ತಿದ್ದರು. ಪದಕ್ಕೆ ಅರ್ಥ ಬರೆದರೆ ಅವರಿಗೆ ಸಾಲದು. ಯಾರು, ಯಾರಿಗೆ, ಏನು ಮಾಡಿದರು ಎಂದು ತಾವೇ ಕಂಡ ಒಂದು ನಿದರ್ಶನವನ್ನು ಹೆಸರು ಸಮೇತ ಕೆಳಗೆ ಬರೆಯಬೇಕು. ಈ ಹಟದಿಂದಲೇ ಮೂವತ್ತು ವರ್ಷ ಹಿಡಿಯಿತು.

ಕಡೆಗೆ ಒಂದೇ ಓಲೆ ಖಾಲಿ ಉಳಿಯಿತು. ಅಷ್ಟರಲ್ಲಿ ಗುರುಗಳು ಹಾಸಿಗೆ ಹಿಡಿದಿದ್ದರು. ಶಿಷ್ಯ ಸಾಂತಯ್ಯ ಬರೆಯುವ ಕಂಟ ಹಿಡಿದು ಪಕ್ಕದಲ್ಲಿ ಕುಳಿತ.

"ಗುರುಗಳೇ, 'ಕೃತಘ್ನ' ಒಂದೇ ಬಾಕಿ. ಇದು ಮುಗಿದರೆ ಗ್ರಂಥ ಕಟ್ಟಿಬಿಡಬಹುದು."

"ಅರ್ಥ ಬರೆದೆಯಾ?"

"ಬರೆದೆ. ಉಪಕಾರ ಮರೆತವನು."

"ಹೊಡೆದುಹಾಕು. ಮರೆವು ಮುದುಕರಿಗೆಲ್ಲ ಉಂಟು. ನೆನಪಿದ್ದೂ ಇಲ್ಲವೆಂದವನು, ಅಂತ ಬರೆ."

ಸಾಂತಯ್ಯ ಬರೆದ. ನಿದರ್ಶನಕ್ಕೆ ಅವನು ತಡಕಾಡಬೇಕಾಗಿರಲಿಲ್ಲ.

"ನಾಗಾರ್ಯನ ಹೆಸರು ಹಾಕುತ್ತೇನೆ. ಹತ್ತು ವರ್ಷ ನಿಮ್ಮ ಬಳಿ ಕಲಿತು, ನಿಮ್ಮ ಓಲೆಗಳನ್ನೇ ಕದ್ದು, ತನ್ನದೆಂದು ಅರಮನೆಯಲ್ಲಿ ಓದಿದ. ಉಂಡೂ ಹೋದ, ಕೊಂಡೂ ಹೋದ!"

"ಬೇಡ. ಅವನಿಗಿಂತ ಹಳಬನೊಬ್ಬನಿದ್ದಾನೆ. ನನ್ನ ಹೆಸರು ಬರೆ."

ಸಾಂತಯ್ಯನ ಕೈ ನಿಂತಿತು.

"ನನಗೆ ಅಕ್ಷರ ಕಲಿಸಿದವಳು ಮಂಡಕ್ಕಿ ಹುರಿಯುವ ಮುದುಕಿ. ದಿಕ್ಕಿಲ್ಲದ ನನ್ನನ್ನು ಸಾಕಿದಳು. ಒಲೆ ಆರಿದ ಮೇಲೆ ಹುರಿಯುವ ಮರಳನ್ನೇ ನೆಲಕ್ಕೆ ಹರವಿ ಅಕ್ಷರ ತಿದ್ದಿಸಿದಳು. ಮುಂದೆ ಪಂಡಿತರ ಸಭೆಯಲ್ಲಿ, ನಿನ್ನ ಗುರು ಯಾರು ಎಂದು ಕೇಳಿದರು. ನಾನು ಮುಖವನ್ನೇ ಕಂಡಿರದ ಒಬ್ಬ ದೊಡ್ಡ ಶಾಸ್ತ್ರಿಯ ಹೆಸರು ಹೇಳಿದೆ. ಆಕೆ ಬಾಗಿಲಲ್ಲೇ ನಿಂತಿದ್ದಳು, ಸೆರಗಿನಲ್ಲಿ ನನಗೆಂದು ಮಂಡಕ್ಕಿ ಕಟ್ಟಿಕೊಂಡು."

"ಆಕೆ ಏನಂದರು?"

"ಮಂಡಕ್ಕಿಯನ್ನು ಕಾವಲಿನವನ ಕೈಗೆ ಕೊಟ್ಟು, ಒಳಗಿರುವ ನನ್ನ ಹುಡುಗನಿಗೆ ಹಸಿವಾಗಿರುತ್ತೆ ಅಂದು ಹೋದಳಂತೆ. ನಾನು ನಾಚಿಕೆಯಿಂದ ಒಂದು ತಿಂಗಳು ಅತ್ತ ಸುಳಿಯಲಿಲ್ಲ. ಆಮೇಲೆ ಹೋದರೆ ಗುಡಿಸಲು ಖಾಲಿ. ವರ್ಷಗಟ್ಟಲೆ ಹುಡುಕಿದೆ. ಸಿಗಲಿಲ್ಲ."

ಸಾಂತಯ್ಯನಿಗೆ ಗುರುಗಳ ಹೆಸರನ್ನು ಆ ಪದದ ಕೆಳಗೆ ಕೊರೆಯುವಾಗ ತನ್ನ ಕೈಯನ್ನೇ ಕೊರೆದುಕೊಂಡಷ್ಟು ನೋವಾಯಿತು. ಆದರೂ ಗ್ರಂಥ ಮುಗಿಯಬೇಕಿತ್ತು. ಅವರು ಬದುಕಿದ್ದದ್ದೇ ಅದಕ್ಕಾಗಿ.

"ಬರೆದೆ, ಗುರುಗಳೇ. ಈಗಲಾದರೂ ಆ ತಾಯಿಯನ್ನು ಲೋಕ ತಿಳಿಯಲಿ. ಆಕೆಯ ಹೆಸರು ಹೇಳಿ."

ಗುರುಗಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ಊರವರು ಮಂಡಕ್ಕಿ ಮುದುಕಿ ಅನ್ನುತ್ತಿದ್ದರು. ನಾನು ಅಜ್ಜಿ ಅನ್ನುತ್ತಿದ್ದೆ. ಹನ್ನೆರಡು ವರ್ಷ ಅವಳ ಕೈಯ ಅನ್ನ ಉಂಡೆ, ಸಾಂತಯ್ಯ. ಹೆಸರು ಕೇಳಲೇ ಇಲ್ಲ."