ಕೂತಲ್ಲಿಂದ ಏಳದ ದೋಣಿಗಾರ

ಒಂದಾನೊಂದು ಕಾಲದಲ್ಲಿ, ಹೊಳೆ ಹೋಗಿ ಕಡಲನ್ನು ಸೇರುವ ಕಡೆ ಒಂದು ಕುದ್ರು ಇತ್ತಂತೆ. ಕುದ್ರು ಅಂದರೆ ಸುತ್ತಲೂ ನೀರು, ನಡುವೆ ಹಿಡಿಯಷ್ಟು ನೆಲ. ಆ ನೆಲದಲ್ಲಿ ಏಳು ಮನೆ, ಏಳು ಬಾವಿ, ಏಳು ಬಾವಿಯಲ್ಲೂ ಉಪ್ಪುನೀರು. ಕುಡಿಯುವ ನೀರಿಗೂ ದೋಣಿ, ಮದುವೆಯ ದಿಬ್ಬಣಕ್ಕೂ ದೋಣಿ, ಸತ್ತವರನ್ನು ಸಾಗಿಸುವುದಕ್ಕೂ ದೋಣಿ. ಅಲ್ಲಿನವರು ಮಗುವಿಗೆ ನಡೆಯಲು ಕಲಿಸುವ ಮೊದಲು ದೋಣಿಯಲ್ಲಿ ಅಲುಗದೆ ಕೂರಲು ಕಲಿಸುತ್ತಿದ್ದರಂತೆ.

ಒಂದು ಮಳೆಗಾಲ ಹೊಳೆ ಉಕ್ಕಿತು. ಕುದ್ರಿಗೆ ಇದ್ದ ಒಂದೇ ದೋಣಿಯನ್ನು ಕಡಲಿಗೆ ಒಯ್ದುಬಿಟ್ಟಿತು. ಅದೇ ವಾರ ನಡುಮನೆಯ ಸೊಸೆಗೆ ನೋವು ಬಂತು. ಸೂಲಗಿತ್ತಿ ಆಚೆ ದಡದಲ್ಲಿ, ಸೊಸೆ ಈಚೆ ದಡದಲ್ಲಿ. ಕೂಗಿದರೆ ಕೇಳುವಷ್ಟೇ ದೂರ, ಆದರೆ ಯಾರೂ ದಾಟಲಾರದಷ್ಟು ನೀರು. ಬೆಳಗಾಗುವ ಹೊತ್ತಿಗೆ ತಾಯಿಯೂ ಇಲ್ಲ, ಮಗುವೂ ಇಲ್ಲ.

ಆ ಹೆಣ್ಣಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಮೇಲ್ಮನೆಯ ಅಕ್ಕಣಿ. ಮರುವರ್ಷ ಅಕ್ಕಣಿಯ ಮಗಳು ದಾರು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಬೇಸಗೆಯಾದ್ದರಿಂದ ಇಳಿತದ ಹೊತ್ತು ನೋಡಿ ಸೊಂಟದುದ್ದ ನೀರಿನಲ್ಲಿ ನಡೆದೇ ಬಂದಳು. ಹೆರಿಗೆ ಮಾತ್ರ ಮಳೆಗಾಲಕ್ಕೆ. ದಾರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊಳೆ ನೋಡುತ್ತಾ ಕೂತರೆ ಅಕ್ಕಣಿ ಗಂಜಿಯ ಬಟ್ಟಲು ಬಿಟ್ಟು ಎದ್ದುಬಿಡುತ್ತಿದ್ದಳಂತೆ.

ಹೊಸ ದೋಣಿ ಕಟ್ಟಿಸಬೇಕೆಂದರೆ ಮರ ಕಡಿದು, ಒಣಗಿಸಿ, ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು ಮುಗಿಸಲು ವರ್ಷ ಬೇಕು. ಅಷ್ಟು ಹೊತ್ತು ಯಾರ ಹತ್ತಿರ ಇದೆ? ಹಳೆಯದನ್ನೇ ಕೊಳ್ಳುವುದೆಂದು ತೀರ್ಮಾನವಾಯಿತು. ಏಳು ಮನೆಯ ಹೆಂಗಸರು ಕಿವಿಯ ಬೆಂಡೋಲೆ ಬಿಚ್ಚಿ ಅಕ್ಕಣಿಯ ಮಡಿಲಿಗೆ ಹಾಕಿದರು. ಬೋಳು ಕಿವಿಯ ಹೆಂಗಸರೆಲ್ಲ ದಡದಲ್ಲಿ ನಿಂತು ಅವಳನ್ನು ಕಳುಹಿಸಿಕೊಟ್ಟರು. ಜೊತೆಗೆ ಗಂಡನ ತಮ್ಮ ಶೀನ ಹೊರಟ. ಶೀನನಿಗೆ ದೋಣಿಯ ವಿಷಯ ಬಾಯಿ ತುಂಬ ಗೊತ್ತಿತ್ತು.

ಅಳಿವೆಯ, ಅಂದರೆ ಹೊಳೆ ಕಡಲಿಗೆ ಬಾಯಿ ತೆರೆಯುವ ಜಾಗದ, ಹತ್ತಿರದ ಊರಿನಲ್ಲಿ ಹೆರಿಯಣ್ಣ ಅನ್ನುವ ಮುದುಕನ ಹಾಯಿದೋಣಿ ಮಾರಾಟಕ್ಕಿದೆ ಎಂದು ಸುದ್ದಿಯಿತ್ತು. ಇವರು ಹೋಗುವಾಗ ದೋಣಿ ನೀರಿನ ಅಂಚಿನ ಮರಳಿನ ಮೇಲಿತ್ತು. ಹೆರಿಯಣ್ಣ ಅದರ ಒಳಗೇ ಕೂತು ಬಲೆ ಹೆಣೆಯುತ್ತಿದ್ದ. ಹಿಂದುಗಡೆ, ಚುಕ್ಕಾಣಿಯ ಬುಡದಲ್ಲಿ, ತಳದ ಹಲಗೆಯ ಮೇಲೆ ಗೋಣಿ ಮಡಚಿ ಹಾಕಿಕೊಂಡು ಚಕ್ಕಳಮಕ್ಕಳ ಕೂತಿದ್ದ.

"ಕುದ್ರಿನವರಾ? ಬನ್ನಿ, ಬನ್ನಿ. ಸೊಂಟ ಹಿಡಿದಿದೆ ಮಾರಾಯ್ತಿ, ಏಳಲಾರೆ. ನೀವೇ ಸುತ್ತಮುತ್ತ ನೋಡಿ" ಎಂದ.

ಶೀನ ಒಂದು ಸುತ್ತು ಬಂದ. "ಅತ್ತಿಗೆ, ಎಂಥ ಹೊಳಪು ನೋಡಿ. ಮದುಮಗಳ ಹಾಗಿದೆ. ಓಲೆ ಕೊಟ್ಟುಬಿಡಿ."

"ಮದುಮಗಳ ಮುಖ ತೊಳೆಸಿ ನೋಡಬೇಕು ಶೀನ" ಎಂದಳು ಅಕ್ಕಣಿ.

ಅವಳು ಮೊದಲು ಹಲಗೆಗೆ ಮೂಗು ಹಿಡಿದಳು. ಮೀನೆಣ್ಣೆಯ ವಾಸನೆ ಹಳೆಯದು, ವರ್ಷ ವರ್ಷ ಹಚ್ಚಿದ್ದು. ನಿನ್ನೆ ಬಳಿದು ಇವತ್ತು ಮಾರುವವನ ವಾಸನೆಯಲ್ಲ. ಆಮೇಲೆ ಬೆರಳ ಗೆಣ್ಣಿನಿಂದ ಹಲಗೆ ಹಲಗೆ ಬಡಿದಳು. ಒಳ್ಳೆಯ ಮಡಕೆಯ ಹಾಗೆ ಟಣ್ ಎಂದಿತು. ತುರುಬಿನ ಸೂಜಿ ತೆಗೆದು ಸಂದು ಸಂದಿಗೆ ಚುಚ್ಚಿದಳು. ಸೂಜಿ ಇಳಿಯಲಿಲ್ಲ. ಹಲಗೆ ಹೊಲಿದ ನಾರಿನ ಹುರಿ ಜಗ್ಗಿದಳು. ಬಿಗಿಯಾಗಿತ್ತು. ಹಾಯಿ ಬಿಚ್ಚಿಸಿ ಬಿಸಿಲಿಗೆ ಹಿಡಿದು ನೋಡಿದಳು. ತೇಪೆ ಇತ್ತು, ತೂತಿರಲಿಲ್ಲ. ಬಡಿಯದೆ ಉಳಿದದ್ದು, ಚುಚ್ಚದೆ ಉಳಿದದ್ದು ಹೆರಿಯಣ್ಣ ಕೂತಿದ್ದ ಹಲಗೆ ಒಂದೇ.

"ಅಣ್ಣಾ, ಸ್ವಲ್ಪ ಈಚೆ ಸರಿ."

"ಸೊಂಟ ತಂಗೀ, ಸೊಂಟ."

ಅಕ್ಕಣಿ ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿದಳು, ವೀಳ್ಯದೆಲೆಗೆ ಸುಣ್ಣ ಹಚ್ಚಿದಳು.

ಒಂದು ಕೊಡ ನೀರು ತಂದು ದೋಣಿಯ ಒಳಗೆ ಸುರಿದಳು. ಎಲ್ಲಿ ಸೋರುತ್ತದೆ ನೋಡೋಣ ಅಂತ. ನೀರು ಹರಿದು ಹಿಂದುಗಡೆಗೆ ಹೋಗಿ ಹೆರಿಯಣ್ಣನ ಪಂಚೆಯನ್ನು ತೋಯಿಸಿತು. ಅವನು ಬಲೆಯಿಂದ ಕಣ್ಣೆತ್ತಲಿಲ್ಲ.

"ಅಯ್ಯಾ, ನಿನ್ನ ಅಡಿ ಒದ್ದೆಯಾಯಿತು" ಎಂದ ಶೀನ.

"ಆಗಲಿ. ಬೇಸಗೆಯಲ್ಲವೇ, ತಂಪಾಗಿದೆ."

ಅಕ್ಕಣಿ ಎರಡನೆಯ ಎಲೆಗೆ ಸುಣ್ಣ ಹಚ್ಚಿದಳು.

ನೆಲದ ಮೇಲಿನ ದೋಣಿ, ತೊಟ್ಟಿಲಲ್ಲಿರುವ ಮಗು, ಎರಡರ ಗುಣವೂ ತಿಳಿಯುವುದಿಲ್ಲ ಅನ್ನುತ್ತಾರೆ. ನೀರಿಗಿಳಿಸಿ, ಹಾಯಿ ಕಟ್ಟಿ ನೋಡಲೇಬೇಕು. ಆದರೆ ಹೆರಿಯಣ್ಣ ಇಳಿಯಬೇಕಲ್ಲ? ಇಳಿಯಲಿಲ್ಲ. ಅವನನ್ನು ಕೂರಿಸಿಕೊಂಡೇ ಅತ್ತಿಗೆ ಮೈದುನ ಇಬ್ಬರೂ ದೋಣಿ ತಳ್ಳಿದರಂತೆ. ಶೀನನಿಗೆ ಬೆವರು ಕಿತ್ತುಕೊಂಡಿತು.

"ಲೋಕದಲ್ಲಿ ಎಲ್ಲಾದರೂ ಇದೆಯಾ ಅತ್ತಿಗೆ? ಮಾರುವವನು ಮಹಾರಾಜನ ಹಾಗೆ ಕೂತಿದ್ದಾನೆ, ಕೊಳ್ಳುವವರು ಪಲ್ಲಕ್ಕಿ ಹೊರುತ್ತಿದ್ದೇವೆ."

"ಉಸಿರು ಉಳಿಸಿಕೊಂಡು ತಳ್ಳು."

ನೀರು ಮುಟ್ಟಿದ್ದೇ ತಡ, ದೋಣಿ ಹಗುರಾಯಿತು. ಶೀನ ಹಾಯಿ ಏರಿಸಿದ. ಗಾಳಿ ಹಿಡಿದಾಗ ಆ ದೋಣಿ ಹೋದ ಪರಿಯನ್ನು ಕಂಡು ಅಕ್ಕಣಿಯ ಕಣ್ಣು ಒಂದು ಕ್ಷಣ ಮಂಜಾಯಿತಂತೆ. ನೀರನ್ನು ಸೀಳುವ ಸದ್ದಿಲ್ಲ, ಬೆಣ್ಣೆಯಲ್ಲಿ ಬೆರಳು ಎಳೆದ ಹಾಗೆ. 'ಇದು ಹೋದ ವರ್ಷ ಇದ್ದಿದ್ದರೆ' ಎಂದುಕೊಂಡಳು. 'ಈ ವರ್ಷವಾದರೂ ಇರಲಿ' ಎಂದುಕೊಂಡಳು.

ಗಾಳಿಗೆ ಎದುರಾಗಿ ತಿರುಗಿಸಿ ನೋಡಿದಳು. ತಿರುಗಿತು. ಮತ್ತೆ ತಿರುಗಿಸುವಾಗ ಹಾಯಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬೀಸಿತು, ದೋಣಿ ವಾಲಿತು. ಶೀನ, ಅಕ್ಕಣಿ ಇಬ್ಬರೂ ಮೇಲೆದ್ದ ಪಕ್ಕಕ್ಕೆ ಜಿಗಿದು ಕೂತರು. ದೋಣಿಯಲ್ಲಿ ಹುಟ್ಟಿದ ಯಾರಾದರೂ ಹಾಗೆಯೇ ಮಾಡುವುದು. ಹೆರಿಯಣ್ಣ ಮಾತ್ರ ಇದ್ದಲ್ಲೇ ಇದ್ದ. ಅಂಚಿನಿಂದ ನೀರು ಹೊಡೆದು ಕಿವಿಗೆ ಬಿತ್ತು. ಅಲುಗಲಿಲ್ಲ.

"ಚುಕ್ಕಾಣಿ ನನಗೆ ಕೊಡು ಅಣ್ಣಾ, ನೋಡುತ್ತೇನೆ."

ಕೊಟ್ಟ. ಜಾಗ ಕೊಡಲಿಲ್ಲ. ಅಕ್ಕಣಿ ಅವನ ಹೆಗಲ ಮೇಲಿಂದ ಬಾಗಿ ಚುಕ್ಕಾಣಿ ಹಿಡಿದಳು.

"ಇಷ್ಟು ಅಗಲದ ಅಡ್ಡಹಲಗೆ ಇದೆ ಕೂರುವುದಕ್ಕೆ. ನೀನು ಯಾಕೆ ತಳದಲ್ಲಿ ಕೂರುತ್ತೀ?"

"ಅಭ್ಯಾಸ ತಂಗೀ."

ಅಕ್ಕಣಿ ಮೂರನೆಯ ಎಲೆಗೆ ಸುಣ್ಣ ಹಚ್ಚಿದಳು.

ದೋಣಿ ಅಳಿವೆಗೆ ಬಂತು. ಅಲ್ಲಿ ಒಂದು ಕರಿಬಂಡೆ, ಬಂಡೆಯ ಮೇಲೆ ಅಳಿವೆಯಮ್ಮನ ಕಲ್ಲು. ಆ ದಾರಿಯಲ್ಲಿ ಹೋಗುವ ದೋಣಿಯಲ್ಲಿ ಎಷ್ಟು ಜನರಿದ್ದರೂ, ಬಂಡೆಯ ಎದುರು ಬಂದಾಗ ಎಲ್ಲರೂ ಎದ್ದು ನಿಂತು ಕೈಮುಗಿಯಬೇಕು. ಜ್ವರದವನು ಏಳುತ್ತಾನೆ, ಕುಂಟ ಕೋಲು ಹಿಡಿದು ಏಳುತ್ತಾನೆ, ಕಳ್ಳನೂ ಏಳುತ್ತಾನೆ. ಕುಡಿದವನನ್ನು ಪಕ್ಕದವರು ಎಬ್ಬಿಸಿ ನಿಲ್ಲಿಸುತ್ತಾರೆ.

ಶೀನ ಎದ್ದ. ಅಕ್ಕಣಿ ಎದ್ದಳು. ಹೆರಿಯಣ್ಣ ಕೂತಲ್ಲೇ ಕೈಮುಗಿದ, ತಲೆ ತಗ್ಗಿಸಿದ.

ಶೀನ ಮುಗಿದ ಕೈ ಇಳಿಸದೆ ತಿರುಗಿ ನೋಡಿದ. ಅಂಥದ್ದನ್ನು ಅವನು ಆಯುಷ್ಯದಲ್ಲೇ ಕಂಡಿರಲಿಲ್ಲ.

ಅಕ್ಕಣಿ ಹಾಯಿಯ ಹಗ್ಗ ಸಡಿಲ ಬಿಟ್ಟಳು. ಗಾಳಿಯೂ ನಿಂತಿತಂತೆ. ಅಮ್ಮನೇ ಹಿಡಿದು ನಿಲ್ಲಿಸಿದಳು ಅನ್ನುತ್ತಾರೆ, ಕಂಡವರು ಯಾರು? ದೋಣಿ ಬಂಡೆಯ ಎದುರು ನಿಂತಿತು.

"ಹೆರಿಯಣ್ಣ, ಸೊಂಟ ಹಿಡಿದವರನ್ನು ನಾನು ಕಂಡಿದ್ದೇನೆ. ಅವರು ಮುಲುಕುತ್ತಾರೆ. ನೀನು ಒಂದು ಸಲವೂ ಮುಲುಕಲಿಲ್ಲ. ಎದ್ದು ನಿಲ್ಲು."

"ಬೇಡ ತಂಗೀ."

"ನನ್ನ ಮಗಳು ಹತ್ತಬೇಕಾದ ದೋಣಿ ಇದು. ಹೋದ ಮಳೆಗಾಲ ಒಬ್ಬಳ ತಲೆ ನನ್ನ ತೊಡೆಯ ಮೇಲೇ ತಣ್ಣಗಾಯಿತು. ನೀನು ಏಳದೆ ನಾವು ಇಲ್ಲಿಂದ ಹೋಗುವುದಿಲ್ಲ."

ಹೆರಿಯಣ್ಣ ಅವಳ ಮುಖ ನೋಡಿದ. ಬಂಡೆಯ ಮೇಲಿನ ಕಲ್ಲು ನೋಡಿದ. ಆಮೇಲೆ ಎರಡೂ ಕೈ ಊರಿ ಎದ್ದು ನಿಂತ.

ಅವನು ಏಳುವುದೊಂದೇ ಬಾಕಿ, ಗೋಣಿಯನ್ನು ಎತ್ತಿ ಒಗೆದು ತಳದಿಂದ ನೀರು ಚಿಮ್ಮಿತು. ತೆಂಗಿನಕಾಯಿಯ ಕಣ್ಣಿನಷ್ಟು ತೂತು, ಮೊಣಕಾಲೆತ್ತರದ ಕಾರಂಜಿ. ಶೀನ ಸಿಕ್ಕಿದ ತೆಂಗಿನ ಗೆರಟೆಯಲ್ಲಿ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲಿದ, ಅರ್ಧ ಹೊರಗೆ ಬಿತ್ತು, ಅರ್ಧ ಅತ್ತಿಗೆಯ ಮೇಲೆ. ಅಕ್ಕಣಿ ಸೊಂಟದಲ್ಲಿದ್ದ ಸಂಚಿಯನ್ನು ಎಲೆ, ಅಡಿಕೆ, ಸುಣ್ಣದ ಸಮೇತ ಎಳೆದು, ತಿರುಚಿ, ತೂತಿನೊಳಗೆ ತುರುಕಿದಳು. ಅದರ ಮೇಲೆ ತಾನೇ ಕೂತಳು. ಕಾರಂಜಿ ನಿಂತಿತು.

ಹೀಗೆ ಅಂದು ಅಮ್ಮನೆದುರು ಎದ್ದು ನಿಂತವನು ಹೆರಿಯಣ್ಣ, ಕೂತವಳು ಅಕ್ಕಣಿ. "ತಪ್ಪು ತಿಳಿಯಬೇಡ ತಾಯೇ" ಎಂದು ಅವಳು ಕೂತಲ್ಲಿಂದಲೇ ಹೇಳಿದಳಂತೆ. "ಯಾರಾದರೂ ಒಬ್ಬರು ಕೂರಲೇಬೇಕಾಗಿದೆ."

ಹೇಳಿ, ಹಲಗೆಯ ಮೇಲೆ ಕೈ ಊರಿದಳು. ಆಗ ಕಂಡಿತು. ದೋಣಿಯ ಮಿಕ್ಕ ಹಲಗೆಗಳೆಲ್ಲ ಎಣ್ಣೆ ಕುಡಿದು ಕಪ್ಪಾಗಿದ್ದವು. ಆ ಹಲಗೆಯಲ್ಲಿ ಒಂದು ಗೇಣು ಜಾಗ ಮಾತ್ರ ಒಣಗಿ, ಬಿಳಿಚಿ, ಒಂದು ಅಂಚಿನಲ್ಲಿ ಹುಳ ಹಿಡಿದಿತ್ತು. ಆ ಬಿಳಿಚಿದ ಜಾಗದಲ್ಲಿ, ತೂತಿನ ಪಕ್ಕದಲ್ಲೇ, ಒಂದು ಕೈಯ ಗುರುತು. ಸಣ್ಣ ಕೈ. ಅರಿಸಿನ ಮಾಸಿ ಹೋಗಿ ಐದು ಬೆರಳಿನ ನೆರಳು ಮಾತ್ರ ಉಳಿದಿತ್ತು.

ದೋಣಿ ಮೊದಲ ಬಾರಿ ನೀರಿಗಿಳಿಯುವಾಗ ಮನೆಯ ಹೆಂಗಸು ಅರಿಸಿನದ ಕೈ ಒತ್ತುವುದು ಆ ಕಡೆಯ ಪದ್ಧತಿ. ಅಕ್ಕಣಿ ಕೇಳದೆಯೇ ಹೆರಿಯಣ್ಣ ಹೇಳಿದ.

"ಚಿಕ್ಕುವಿನ ಕೈ. ನನ್ನ ಹೆಂಡತಿಯದು. ಮರುವರ್ಷವೇ ಹೋದಳು. ವರ್ಷ ವರ್ಷ ಎಣ್ಣೆ ಹಚ್ಚುವಾಗ ಅಷ್ಟು ಜಾಗ ಬಿಡುತ್ತಿದ್ದೆ. ಎಣ್ಣೆ ತಾಗಿದರೆ ಅರಿಸಿನ ಅಳಿಸಿ ಹೋದೀತು ಎಂದು ಹೆದರಿಕೆ. ಹುಳಕ್ಕೆ ಅದೇ ಬಾಗಿಲಾಯಿತು. ಹಲಗೆ ಬದಲಿಸು ಎಂದ ಬಡಗಿ ಆಚಾರಿ. ಉಳಿ ಹಿಡಿದು ಕೂತೆ, ಕೈ ಏಳಲಿಲ್ಲ. ಅವತ್ತಿನಿಂದ ಅದರ ಮೇಲೆಯೇ ಕೂತಿದ್ದೇನೆ."

"ಮಾರುವುದು ಯಾಕೆ?"

"ಕೊಂಡವರು ಕಿತ್ತು ಹಾಕಲಿ, ನನ್ನ ಕಣ್ಣೆದುರು ಆಗುವುದು ಬೇಡ ಅಂತ. ನೀರಿಗಿಳಿಸಿದ ದಿನವೇ ಗೊತ್ತಾಗುತ್ತಿತ್ತಲ್ಲ."

"ಇಳಿಸಿದ ದಿನವೇ ನನ್ನ ಮಗಳ ನೋವಿನ ದಿನವಾಗಿದ್ದರೆ?"

ಅಷ್ಟು ಮುಂದಕ್ಕೆ ಹೆರಿಯಣ್ಣ ಯೋಚಿಸಿರಲಿಲ್ಲ. ಹಲಗೆಯಿಂದ ಆಚೆಗೆ ಅವನು ಯೋಚಿಸಿಯೇ ಎಷ್ಟೋ ಕಾಲವಾಗಿತ್ತು. ನಿಂತಲ್ಲೇ ಅವನ ಕಣ್ಣಿನಿಂದ ನೀರಿಳಿಯಿತು.

ಗಾಳಿ ಮತ್ತೆ ಬಂತು. ಶೀನ ಹಾಯಿ ಬಿಗಿದ. ದಡ ಮುಟ್ಟುವವರೆಗೆ ಅಕ್ಕಣಿ ಸಂಚಿಯ ಮೇಲಿಂದ ಏಳಲಿಲ್ಲ. ಎಲೆ ಇಲ್ಲ, ಅಡಿಕೆ ಇಲ್ಲ, ಬರಿಯ ಬಾಯಲ್ಲೇ ಯೋಚನೆ ಮಾಡಬೇಕಾಯಿತು.

ದಡದಲ್ಲಿ ಶೀನ, "ಬೇರೆ ದೋಣಿ ನೋಡೋಣ ಅತ್ತಿಗೆ. ತಳ ತೂತಾದ್ದನ್ನು ಕೊಂಡೆವು ಅಂತ ಊರು ನಗುತ್ತದೆ" ಎಂದ.

"ನಗಲಿ. ಇಂಥ ನಡಿಗೆಯ ದೋಣಿ ಇನ್ನೊಂದು ಸಿಗುವುದಿಲ್ಲ. ಒಂದು ಹಲಗೆ ಬದಲಿಸಿದರೆ ಆಯಿತು." ಹೆರಿಯಣ್ಣನ ಕಡೆ ತಿರುಗಿದಳು. "ದೋಣಿ ಕೊಳ್ಳುತ್ತೇನೆ. ಆದರೆ ಇಷ್ಟು ವರ್ಷ ಅದಕ್ಕೆ ಬಿರಡೆಯಾಗಿದ್ದವನನ್ನೂ ಜೊತೆಗೇ ಕೊಡಬೇಕು. ಕುದ್ರಿಗೆ ಬಂದು ದೋಣಿ ನಡೆಸು. ಹಲಗೆಯನ್ನು ಒಡೆಯದೆ ಇಡಿಯಾಗಿ ಬಿಡಿಸುತ್ತೇವೆ. ಹುಳ ತಿಂದಷ್ಟನ್ನು ಕೊಯ್ದು, ಉಳಿದದ್ದನ್ನು ನೀರು ಮುಟ್ಟದ ಕಡೆ ಅಡ್ಡಹಲಗೆ ಮಾಡಿ ಕೂರಿಸುತ್ತೇವೆ. ಚಿಕ್ಕು ದೋಣಿಯಿಂದ ಇಳಿಯುವುದು ಬೇಡ."

ಹೆರಿಯಣ್ಣ ಬಾಗಿ ಆ ಕೈಯ ಗುರುತನ್ನು ಒಮ್ಮೆ ಮುಟ್ಟಿದ. "ಓಲೆ ಬೇಡ" ಎಂದ. "ನನಗೆ ಹಾಕಿಕೊಳ್ಳುವವರಿಲ್ಲ. ಎರಡು ಹೊತ್ತು ಗಂಜಿ ಸಾಕು."

ಓಲೆಗಳು ಏಳು ಮನೆಯ ಕಿವಿಗಳಿಗೆ ಮರಳಿದವು. ಆಚಾರಿ ಬಂದು ಹಲಗೆ ಬಿಡಿಸಿದ, ಹೊಸದನ್ನು ಹೊಲಿದ, ರಾಳ ತುಂಬಿದ, ಹಳೆಯದನ್ನು ಅಡ್ಡಹಲಗೆಯಾಗಿ ಕೂರಿಸಿದ. ಎಣ್ಣೆ ಹಚ್ಚುವ ಸರದಿ ಬಂದಾಗ ಅಕ್ಕಣಿ ಮೀನೆಣ್ಣೆಯ ಕರಟವನ್ನು ಹೆರಿಯಣ್ಣನ ಕೈಗೇ ಕೊಟ್ಟಳು. "ಮೊದಲು ಅಲ್ಲಿಗೇ ಹಚ್ಚು."

ಅವನು ಕಣ್ಣು ಮುಚ್ಚಿಕೊಂಡು ಆ ಕೈಯ ಮೇಲೆ ಎಣ್ಣೆ ಸವರಿದನಂತೆ. ಕಣ್ಣು ಬಿಟ್ಟು ನೋಡುತ್ತಾನೆ, ಮಾಸಿದ್ದ ಅರಿಸಿನ ಎಣ್ಣೆ ಕುಡಿದು ಮೇಲೆದ್ದು ಬಂದಿದೆ. ಐದು ಬೆರಳೂ ನಿನ್ನೆ ಒತ್ತಿದ ಹಾಗೆ.

ಮೊದಲ ಮಳೆ ಬಿದ್ದ ದಿನ ದಾರುವಿಗೆ ನೋವು ಬಂತು. ಹೊಳೆ ಕೆಂಪಾಗಿ ಉಕ್ಕುತ್ತಿತ್ತು. ಹೆರಿಯಣ್ಣ ಚುಕ್ಕಾಣಿಯ ಹತ್ತಿರ ಎದ್ದು ನಿಂತು ದೋಣಿ ನಡೆಸಿದ. ಎದ್ದು ನಿಂತು, ನೆನಪಿಡಿ. ದಾರು ಆ ಅಡ್ಡಹಲಗೆಯ ಮೇಲೆ ಕೂತಳು, ನೋವು ಬಂದಾಗಲೆಲ್ಲ ಚಿಕ್ಕುವಿನ ಕೈಯ ಮೇಲೆ ತನ್ನ ಕೈ ಒತ್ತಿದಳು. ದೋಣಿಯ ತಳದಲ್ಲಿ ಮಳೆಯ ನೀರಲ್ಲದೆ ಹೊಳೆಯ ಹನಿ ಒಂದೂ ಇರಲಿಲ್ಲ. ಸಂಜೆಯೊಳಗೆ ಸೂಲಗಿತ್ತಿಯ ಮನೆಯಲ್ಲಿ ಹೆಣ್ಣು ಮಗು ಅತ್ತಿತು. ಹೆಸರು ಏನಿಟ್ಟರೆಂದು ನಾನು ಬೇರೆ ಹೇಳಬೇಕಿಲ್ಲ.

ಆಮೇಲೆ ಆ ಕಡೆ ಎರಡು ಮಾತು ಉಳಿದವಂತೆ. ದೋಣಿ ಮಾರುವವನು ಅಳಿವೆಯಮ್ಮನ ಎದುರು ಎದ್ದು ನಿಂತು ಮಾರಬೇಕು. ಎಣ್ಣೆ ಹಚ್ಚುವವನು ಅರಿಸಿನದ ಕೈಯಿಂದಲೇ ಶುರು ಮಾಡಬೇಕು.

ಅವರ ದೋಣಿ ಆ ದಡ ಸೇರಿತು, ನಮ್ಮ ಕತೆ ಈ ದಡ ಸೇರಿತು. ಹೇಳಿದವರ ಬಾಯಿಗೆ ಒಂದು ವೀಳ್ಯ, ಕೇಳಿದವರ ಮನೆಯ ಮಾಡು ಸೋರದಿರಲಿ.