ಹೊಂಬಾಳಮ್ಮನ ವಠಾರದ ತಪಾಸಣೆ

ಹೊಂಬಾಳಮ್ಮ ಅಂತ ಒಬ್ಬಳಿದ್ದಳು ಅನ್ನಿ, ಅವಳಿಗೆ ಮುದ್ದೀರ ಅಂತ ಒಬ್ಬನೇ ಮಗ. ವಯಸ್ಸು ಮೂವತ್ತು ದಾಟಿತ್ತು, ಕೈಕಾಲು ಗಟ್ಟಿ, ಮನಸ್ಸು ಬೆಣ್ಣೆ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಇವನ ಮುಂದೆ ಬಾಯಿ ಬಿಡೋಕೇ ಹೆದರಿಕೆ ಆಗುತ್ತೆ ಅಂತ ಅವಳು ನೆರೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಗಂಡ ಕಟ್ಟಿಸಿದ್ದ ವಠಾರವೇ ತಾಯಿ ಮಗನ ಜೀವನ. ಮುಂದಿನ ಕೋಣೆಯಲ್ಲಿ ಇವರಿಬ್ಬರು, ಹಿಂದೆ ಬಾಡಿಗೆಗೆ ಮೂರು ಮನೆ. ಒಂದು ದಿನ ಪುರಸಭೆಯ ಇಂಜಿನಿಯರು ಪುಟ್ಟಮಾದಯ್ಯನವರು ಬಂದು ಮೂಲೆಮೂಲೆ ನೋಡಿ ನೋಟೀಸು ಕೊಟ್ಟು ಹೋದರು. ದಾರಿ ತುಂಬ ಸಾಮಾನು, ವೈರು ಹಳೇದು. ತಿಂಗಳೊಳಗೆ ಸರಿಮಾಡದಿದ್ದರೆ ವಠಾರಕ್ಕೆ ಬೀಗ. ಬೀಗ ಬಿದ್ದರೆ ಮೂರು ಸಂಸಾರ ಬೀದಿಗೆ, ಜೊತೆಗೆ ಇವರೂ.

ಹೊಂಬಾಳಮ್ಮ ವೈರಿನ ಕೆಲಸದವನನ್ನು ಹುಡುಕಿಕೊಂಡು ಹೊರಟಳು. ಹೋಗುವಾಗ ಮಗನಿಗೆ, "ಜನ ಹೊರಗೆ ಹೋಗೋ ದಾರೀಲಿ ಅಡ್ಡ ಇರೋದನ್ನೆಲ್ಲ ತೆಗೆದಿಡಪ್ಪ" ಅಂದಳು.

ಮುದ್ದೀರ ಹಳೇ ಸೈಕಲ್ ತೆಗೆದ, ನೀರಿನ ಡ್ರಮ್ ತೆಗೆದ. ಇನ್ನೇನು ಅಡ್ಡ ಇದೆ ಅಂತ ನೋಡಿದ. ಬಾಗಿಲಿತ್ತು. ಬೀದಿಬಾಗಿಲು ಕಿತ್ತ. ಬಾಡಿಗೆಯವರು ಕೆಲಸಕ್ಕೆ ಹೋಗಿದ್ದರು, ಅವರ ಬಾಗಿಲೂ ಕಿತ್ತ. ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿಟ್ಟ. ತಾಯಿ ಬರುವಷ್ಟರಲ್ಲಿ ಹಿಂದಿನ ಬಾಡಿಗೆಮನೆಯ ನರ್ಸ್ ಲೂರ್ದಮ್ಮನ ಅಡುಗೆಮನೆಯಲ್ಲಿ ಎರಡು ಎಮ್ಮೆ ಸೊಪ್ಪು ಮೇಯುತ್ತಿದ್ದವು.

ಹೊಂಬಾಳಮ್ಮ ಬೈದಳು, ಅತ್ತಳು, ಬಡಗಿಯನ್ನು ಕರೆಸಿದಳು. ಇನ್ನುಮೇಲೆ ಬಾಡಿಗೆಯವರ ಮನೆಯಲ್ಲಿ ಏನು ಮುಟ್ಟುವುದಿದ್ದರೂ ಮೊದಲು ಅವರನ್ನು ಕೇಳಬೇಕು ಅಂದಳು. ಆಗಲಮ್ಮ ಅಂದ ಮುದ್ದೀರ.

ಮೂರನೇ ದಿನ ಲೂರ್ದಮ್ಮನ ಮನೆಯ ವೈರಿನಿಂದ ಹೊಗೆ ಬಂತು. ಅವಳು ಆಸ್ಪತ್ರೆಗೆ ಡ್ಯೂಟಿಗೆ ಹೋಗಿದ್ದಳು, ಅವಳ ಮುದಿ ಮಾವ ಒಳಗೆ ನಿದ್ದೆ ಮಾಡುತ್ತಿದ್ದ. ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇತ್ತು. ಮುದ್ದೀರ ಮುಟ್ಟಲಿಲ್ಲ. ಎರಡು ಮೈಲಿ ನಡೆದ, ವಾರ್ಡಿನಲ್ಲಿ ಕೈಕಟ್ಟಿ ನಿಂತ, ಅವಳು ಇಂಜೆಕ್ಷನ್ ಕೊಟ್ಟು ಮುಗಿಸುವ ತನಕ ಕಾದ. ಆಮೇಲೆ ಕೇಳಿದ: "ಅಕ್ಕಾ, ನಿಮ್ಮನೆ ಹೊತ್ತಿಕೊಳ್ಳೋ ಹಾಗಿದೆ. ಸ್ವಿಚ್ ಆರಿಸಲಾ?"

ಪುಣ್ಯಕ್ಕೆ ವಾಸನೆ ಹಿಡಿದು ಓಡಿಬಂದ ಹೊಂಬಾಳಮ್ಮ ಸ್ವಿಚ್ ಆರಿಸಿ ಮುದುಕನನ್ನು ಹೊರಗೆ ತಂದಿದ್ದಳು. ಮಗ ವಾಪಸು ಬಂದಾಗ ದಡ್ಡ ಅಂದಳು, ಮುಂಡೇದೆ ಅಂದಳು, ಕೊನೆಗೆ ಪಕ್ಕದಲ್ಲಿ ಕೂರಿಸಿಕೊಂಡಳು.

"ಜೀವ ದೊಡ್ಡದು ಮಗ. ಹೊಗೆ ಅಂದ ತಕ್ಷಣ ಒಳಗಿರೋರನ್ನ ಹೊತ್ತು ಹೊರಗೆ ತಾ. ಮಾತೆಲ್ಲ ಆಮೇಲೆ."

ಹೊಸ ವೈರು ಎಳೆಸಿದ್ದಾಯಿತು. ತಿಂಗಳು ತುಂಬಿದ ದಿನ ಪುಟ್ಟಮಾದಯ್ಯನವರು ಮತ್ತೆ ಬಂದರು. ಹೊಂಬಾಳಮ್ಮ ಕಾಫಿ ಕಾಯಿಸಲು ಹೋದಳು. ಅವರು ಲೂರ್ದಮ್ಮನ ಮನೆಯ ಮಸಿ ಹಿಡಿದ ಗೋಡೆ ನೋಡುತ್ತಾ, "ಹೊಗೆ ಬಂದದ್ದು ಇಲ್ಲೇನಾ?" ಅಂದರು.

ಹೊಗೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮುದ್ದೀರ ಸಾಹೇಬರನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ತೆಳ್ಳಗಿನ ಆಸಾಮಿ, ಏನೋ ಹೇಳಹೊರಟರು. "ಮಾತು ಆಮೇಲೆ, ಸ್ವಾಮಿ" ಅಂದ. ಬೀದಿಯಲ್ಲಿ ಇಳಿಸಿದ. ಮುದುಕನನ್ನು ತಂದ. ಉಳಿದ ಮನೆಗಳ ಮಕ್ಕಳನ್ನು ಕಂಕುಳಿಗೊಂದರಂತೆ ತಂದ. ಕೊನೆಗೆ ಕಾಫಿ ಲೋಟ ಹಿಡಿದಿದ್ದ ತಾಯಿಯನ್ನೂ ತಂದ.

ವಠಾರ ಹೋಯಿತು ಅಂದುಕೊಂಡಳು ಹೊಂಬಾಳಮ್ಮ.

ಪುಟ್ಟಮಾದಯ್ಯನವರು ಅಂಗಿ ಸರಿಮಾಡಿಕೊಂಡು ಗಡಿಯಾರ ನೋಡಿದರು. ಅವಳ ಕೈಯಿಂದ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು. ಕಾಫಿ ಇನ್ನೂ ಬಿಸಿಯಾಗಿತ್ತು.

"ಎಲ್ಲರೂ ಹೊರಗೆ ಬರೋಕೆ ಎಷ್ಟು ಹೊತ್ತು ಬೇಕು ಅಂತ ಫಾರಂನಲ್ಲಿ ಒಂದು ಪ್ರಶ್ನೆ ಇದೆ, ತಾಯಿ. ಇಷ್ಟು ವರ್ಷ ಅಂದಾಜಲ್ಲಿ ಬರೀತಿದ್ದೆ."

ಬರೆದರು, ವಾಸಕ್ಕೆ ಯೋಗ್ಯ ಅಂತ ಸಹಿ ಮಾಡಿದ ಪತ್ರ ಕೊಟ್ಟರು. ಹೋಗುವಾಗ ಮುದ್ದೀರನಿಗೆ, ಇದನ್ನು ಬಂದವರ ಕಣ್ಣಿಗೆ ಬೀಳೋ ಹಾಗೆ ಬಾಗಿಲಲ್ಲಿ ಹಾಕಪ್ಪ ಅಂದರು.

ಹೊಂಬಾಳಮ್ಮ ನೆಮ್ಮದಿಯಾಗಿ ಸಂತೆಗೆ ಹೋದಳು. ಮುದ್ದೀರ ಪತ್ರವನ್ನು ರಟ್ಟಿಗೆ ಅಂಟಿಸಿದ, ದಾರದಿಂದ ಚೌಕಟ್ಟಿಗೆ ಕಟ್ಟಿದ, ಬಾಗಿಲ ಮೇಲಂಚಿನಲ್ಲಿಟ್ಟ. ಸಂಜೆ ಅವಳು ಬಂದು ಬಾಗಿಲು ತಳ್ಳಿದಳು. ರಟ್ಟು ಮೇಲಿಂದ ಸರ್ರನೆ ತೂಗಿ ಬಂದು ಎರಡು ಕಣ್ಣಿಗೂ ಸರಿಯಾಗಿ ಬಡಿಯಿತು.

ಮುದ್ದೀರ ಒಳಗೆ ಕಾದು ನಿಂತಿದ್ದ.

"ಕಣ್ಣಿಗೇ ಬಿತ್ತಲ್ಲಮ್ಮ? ಲೂರ್ದಕ್ಕನಿಗೆ ಹಣೆಗೆ ಬಿದ್ದಿತ್ತು. ಅದಕ್ಕೇ ದಾರ ಎರಡು ಬೆರಳು ಉದ್ದ ಮಾಡಿದೆ."